ಔಷಧಗಳ ಅವಧಿ ದಿನಾಂಕ: ಆತಂಕಶಾಮಕ ಮತ್ತು ಅಪಸ್ಮಾರ ನಿರೋಧಕ ಔಷಧಗಳು

ಮೊಹರು ಒಡೆಯದ ಮೂಲ ಪೊಟ್ಟಣದಲ್ಲಿ, ಲೇಬಲ್ಲಿನಲ್ಲಿ ಸೂಚಿಸಿದ ಉಷ್ಣತೆ ಮತ್ತು ತೇವಾಂಶದ ಮಿತಿಯೊಳಗೆ ಇರಿಸಿದ ಔಷಧವು ತನ್ನ ಸತ್ತ್ವ, ಶುದ್ಧತೆ ಮತ್ತು ಗುಣಮಟ್ಟಗಳನ್ನು ಯಾವ ದಿನದವರೆಗೆ ಉಳಿಸಿಕೊಳ್ಳುತ್ತದೆಂದು ತಯಾರಕರು ಪ್ರಯೋಗಗಳ ಆಧಾರದ ಮೇಲೆ ಹೊಣೆ ಹೊರುತ್ತಾರೋ ಆ ದಿನವೇ ಅದರ ಅವಧಿ ದಿನಾಂಕ. ಬಳಕೆಯಲ್ಲಿ ಎಕ್ಸ್‌ಪೈರಿ ಡೇಟ್ ಎಂದೇ ಪರಿಚಿತವಾಗಿರುವ ಈ ಗುರುತನ್ನು ಜನಸಾಮಾನ್ಯರು ಎರಡು ವಿರುದ್ಧ ಬಗೆಗಳಲ್ಲಿ ತಪ್ಪಾಗಿ ಗ್ರಹಿಸುವುದುಂಟು: ಆ ದಿನ ಕಳೆದೊಡನೆ ಮಾತ್ರೆ ವಿಷವಾಗುತ್ತದೆಂದು ಕೆಲವರು ಹೆದರಿದರೆ, ಅದು ಮಾರಾಟ ಹೆಚ್ಚಿಸುವ ಉಪಾಯವೆಂದು ಬಗೆದು ಇನ್ನು ಕೆಲವರು ಅದನ್ನು ಕಡೆಗಣಿಸುತ್ತಾರೆ. ನೆಗಡಿ, ತಲೆನೋವಿನ ಮಾತ್ರೆಗಳ ವಿಷಯದಲ್ಲಿ ಈ ಎರಡೂ ತಪ್ಪುಗಳಿಂದ ಆಗುವ ಹಾನಿ ಅಲ್ಪ. ಆದರೆ ದಿನವೂ ತಪ್ಪದೆ, ರಕ್ತದಲ್ಲಿ ಒಂದೇ ಮಟ್ಟದಲ್ಲಿ ಉಳಿಯುವಂತೆ ಸೇವಿಸಬೇಕಾದ ಅಪಸ್ಮಾರದ, ಅಂದರೆ ಮೂರ್ಛೆರೋಗದ ಔಷಧಗಳಲ್ಲಿ ಹಾಗೂ ಅವುಗಳೊಡನೆ ಹತ್ತಿರದ ಸಂಬಂಧವಿರುವ ಆತಂಕಶಾಮಕಗಳಲ್ಲಿ ಎರಡೂ ತಪ್ಪುಗಳು ರೋಗಿಯನ್ನು ಆಸ್ಪತ್ರೆಗೆ ಸೇರಿಸಬಲ್ಲವು.

ಔಷಧವರ್ಗಗಳ ಹಿನ್ನೆಲೆ

ಈ ಎರಡು ಬಗೆಯ ಔಷಧಗಳನ್ನು ಒಟ್ಟಿಗೆ ವಿವೇಚಿಸುವುದಕ್ಕೆ ಚಾರಿತ್ರಿಕ ಕಾರಣವಿದೆ. ನಿದ್ರಾಜನಕವಾಗಿ ಬಳಕೆಗೆ ಬಂದ ಫೀನೊಬಾರ್ಬಿಟಲ್ ಸೆಳೆತವನ್ನೂ ತಡೆಯುತ್ತದೆಂಬುದನ್ನು ಜರ್ಮನ್ ವೈದ್ಯ ಆಲ್ಫ್ರೆಡ್ ಹಾಪ್ಟ್‌ಮನ್ 1912ರಲ್ಲಿ ಕಂಡುಕೊಂಡ. ನಿದ್ದೆ ಬರಿಸದೆಯೂ ಸೆಳೆತವನ್ನು ತಡೆಯಬಹುದೆಂಬುದನ್ನು 1938ರಲ್ಲಿ ಅಮೆರಿಕದ ಮೆರಿಟ್ ಮತ್ತು ಪಟ್ನಮ್ ಅವರು ಫೆನಿಟಾಯ್ನ್ ಮೂಲಕ ತೋರಿಸಿಕೊಟ್ಟರು. ರೋಶ್ ಕಂಪನಿಯ ರಸಾಯನಶಾಸ್ತ್ರಜ್ಞ ಲಿಯೊ ಸ್ಟರ್ನ್‌ಬಾಕ್ ರೂಪಿಸಿದ ಕ್ಲೋರ್‌ಡಯಾಜಿಪಾಕ್ಸೈಡ್ 1960ರಲ್ಲಿ ಲಿಬ್ರಿಯಮ್ ಎಂಬ ಹೆಸರಿನಿಂದಲೂ, ಡಯಾಜಿಪಾಮ್ 1963ರಲ್ಲಿ ವ್ಯಾಲಿಯಮ್ ಎಂಬ ಹೆಸರಿನಿಂದಲೂ ಮಾರುಕಟ್ಟೆಗೆ ಬಂದವು. ಬೆಂಜೊಡಯಾಜಿಪೈನ್ ಎಂಬ ಈ ಕುಟುಂಬಕ್ಕೆ ಸೇರಿದ ಕ್ಲೊನಾಜಿಪಾಮ್, ಲೊರಾಜಿಪಾಮ್, ಅಲ್‌ಪ್ರಜೋಲಾಮ್, ಕ್ಲೋಬಜಾಮ್, ಮಿಡಜೋಲಾಮ್ ಮೊದಲಾದವು ಮಿದುಳಿನಲ್ಲಿ ನರಕೋಶಗಳ ಉದ್ರೇಕವನ್ನು ತಗ್ಗಿಸುವ ಗಾಬಾ ಎಂಬ ರಾಸಾಯನಿಕದ ಕೆಲಸವನ್ನು ಬಲಪಡಿಸುತ್ತವೆಯಾದ್ದರಿಂದ, ಅವುಗಳಲ್ಲಿ ಹಲವು ಆತಂಕ ಮತ್ತು ಸೆಳೆತ ಎರಡಕ್ಕೂ ಒದಗುತ್ತವೆ. ಕಾರ್ಬಮಜಪೀನ್, ವ್ಯಾಲ್‌ಪ್ರೊಯೇಟ್, ಲ್ಯಾಮೊಟ್ರಿಜಿನ್, ಲೆವೆಟಿರಾಸೆಟಮ್ ಇವು ಬೇರೆ ಬೇರೆ ರಾಸಾಯನಿಕ ವರ್ಗಗಳಿಗೆ ಸೇರಿದ, ಮುಖ್ಯವಾಗಿ ಅಪಸ್ಮಾರಕ್ಕೆ ಬಳಸುವ ಔಷಧಗಳು.

ಕರ್ನಾಟಕದಲ್ಲಿ ಇವುಗಳ ಬಳಕೆಗೆ ದೀರ್ಘ ಇತಿಹಾಸವಿದೆ. ಬೆಂಗಳೂರಿನ ನರರೋಗತಜ್ಞ ಡಾ. ಕೆ. ಎಸ್. ಮಣಿ ಮತ್ತು ಸಂಗಡಿಗರು ಈಗಿನ ಚಾಮರಾಜನಗರ ಜಿಲ್ಲೆಯ ಯಳಂದೂರಿನ ಹಳ್ಳಿಗಳಲ್ಲಿ ಫೀನೊಬಾರ್ಬಿಟಲ್ ಮತ್ತು ಫೆನಿಟಾಯ್ನ್ ಎಂಬ ಹಳೆಯ, ಅಗ್ಗದ ಔಷಧಗಳಿಂದಲೇ ಅಪಸ್ಮಾರವನ್ನು ಹತೋಟಿಗೆ ತರಬಹುದೆಂಬುದನ್ನು ತೋರಿಸಿ, ಆ ಅಧ್ಯಯನವನ್ನು 2001ರಲ್ಲಿ ದಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಇಂತಹ ಚಿಕಿತ್ಸೆಯ ಯಶಸ್ಸು ಔಷಧದ ಬೆಲೆಗಿಂತ ಹೆಚ್ಚಾಗಿ ಅದು ಪ್ರತಿದಿನವೂ ಪೂರ್ಣ ಸತ್ತ್ವದಲ್ಲಿ ರೋಗಿಯ ಕೈಸೇರುವುದನ್ನು ಅವಲಂಬಿಸಿರುತ್ತದೆ.

ದಿನಾಂಕವನ್ನು ನಿರ್ಧರಿಸುವ ಬಗೆ

ಔಷಧವೊಂದರ ಬಾಳಿಕೆಯನ್ನು ಅಳೆಯುವ ಪ್ರಯೋಗಗಳನ್ನು ಸ್ಥಿರತಾ ಪರೀಕ್ಷೆಗಳೆಂದು ಕರೆಯುತ್ತಾರೆ. ಮಾರಾಟಕ್ಕೆ ಹೋಗುವ ಪೊಟ್ಟಣದಲ್ಲಿಯೇ ಮಾತ್ರೆಗಳನ್ನಿಟ್ಟು, ಉಷ್ಣತೆ ಮತ್ತು ಆರ್ದ್ರತೆಗಳನ್ನು ನಿಯಂತ್ರಿಸಿದ ಕೋಣೆಗಳಲ್ಲಿ ತಿಂಗಳುಗಟ್ಟಲೆ ಇರಿಸಿ, ಗೊತ್ತಾದ ಅಂತರಗಳಲ್ಲಿ ಹೊರತೆಗೆದು, ಸಕ್ರಿಯ ಘಟಕ ಎಷ್ಟು ಉಳಿದಿದೆ, ವಿಘಟನೆಯಿಂದ ಹುಟ್ಟಿದ ಕಶ್ಮಲಗಳು ಎಷ್ಟಿವೆ, ಮಾತ್ರೆ ನೀರಿನಲ್ಲಿ ಎಷ್ಟು ಹೊತ್ತಿಗೆ ಕರಗಿ ಔಷಧವನ್ನು ಬಿಟ್ಟುಕೊಡುತ್ತದೆ ಎಂಬುದನ್ನು ಅಳೆಯಲಾಗುತ್ತದೆ. ತ್ವರಿತ ಪರೀಕ್ಷೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಮತ್ತು ಶೇ. 75 ಸಾಪೇಕ್ಷ ಆರ್ದ್ರತೆಯಲ್ಲಿ 6 ತಿಂಗಳು ಇರಿಸುವುದು ವಾಡಿಕೆ. ದೀರ್ಘಾವಧಿಯ ಪರೀಕ್ಷೆಯ ಷರತ್ತುಗಳು ಮಾತ್ರ ನಾಡಿನ ಹವೆಗೆ ತಕ್ಕಂತೆ ಬದಲಾಗುತ್ತವೆ: ಸಮಶೀತೋಷ್ಣ ದೇಶಗಳಿಗೆ 25 ಡಿಗ್ರಿ ಮತ್ತು ಶೇ. 60 ಆರ್ದ್ರತೆ ಸಾಕೆನಿಸಿದರೆ, ಭಾರತದ ನಿಯಮಗಳು 30 ಡಿಗ್ರಿ ಮತ್ತು ಶೇ. 70 ಆರ್ದ್ರತೆಯನ್ನು ಕೇಳುತ್ತವೆ. ಆದ್ದರಿಂದ ಚಳಿನಾಡಿನ ಮಾರುಕಟ್ಟೆಗೆಂದು ಪರೀಕ್ಷಿಸಿ ಮುದ್ರಿಸಿದ ದಿನಾಂಕವು ಮಂಗಳೂರಿನ ಮಳೆಗಾಲಕ್ಕಾಗಲಿ ರಾಯಚೂರಿನ ಬೇಸಗೆಗಾಗಲಿ ಹಾಗೆಯೇ ಅನ್ವಯಿಸಲಾರದು.

ಬಹುಪಾಲು ಮಾತ್ರೆಗಳಲ್ಲಿ ಲೇಬಲ್ಲಿನಲ್ಲಿ ಹೇಳಿದ ಪ್ರಮಾಣದ ಶೇ. 90ರಿಂದ 110ರವರೆಗಿನ ಸತ್ತ್ವವನ್ನು ಔಷಧಸಂಹಿತೆಗಳು, ಅಂದರೆ ಫಾರ್ಮಕೋಪಿಯಗಳು, ಒಪ್ಪುತ್ತವೆ. ಕೆಲವಕ್ಕೆ ಇನ್ನೂ ಕಿರಿದಾದ ಮಿತಿಯುಂಟು. ಸತ್ತ್ವವು ಈ ಗೆರೆಗಿಂತ ಕೆಳಗಿಳಿಯದೆಂಬ ಭರವಸೆ ಇರುವ ಕಾಲವೇ ಬಾಳಿಕೆ ಅವಧಿ. ಔಷಧ ಇನ್ನೂ ಹೆಚ್ಚು ಕಾಲ ಕೆಡದೆ ಉಳಿಯಬಹುದಾದರೂ, ಹತ್ತು ವರ್ಷಗಳ ಕಾಲ ಪರೀಕ್ಷೆ ನಡೆಸಿ ಮಾರುಕಟ್ಟೆಗೆ ಬರುವುದು ಯಾವ ತಯಾರಕರಿಗೂ ಸಾಧ್ಯವಲ್ಲವಾದ್ದರಿಂದ ಎರಡು ಅಥವಾ ಮೂರು ವರ್ಷಗಳ ಅವಧಿಯೇ ಸಾಮಾನ್ಯವಾಗಿದೆ. ಹೀಗೆ ಮುದ್ರಿತ ದಿನಾಂಕವು ಪರೀಕ್ಷೆಯಿಂದ ಸಿದ್ಧಪಟ್ಟ ಕಾಲದ ಅಂಚನ್ನು ತಿಳಿಸುತ್ತದೆ. ಔಷಧ ಸತ್ತ್ವಹೀನವಾಗುವ ದಿನವನ್ನು ಅದು ತಿಳಿಸುವುದಿಲ್ಲ.

ಕಾನೂನಿನ ಚೌಕಟ್ಟು

ಅಮೆರಿಕದಲ್ಲಿ 1979ರಿಂದ ಔಷಧಗಳ ಮೇಲೆ ಅವಧಿ ದಿನಾಂಕ ಮುದ್ರಿಸುವುದು ಕಡ್ಡಾಯವಾಯಿತು. ಭಾರತದಲ್ಲಿ 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಕಾಯಿದೆ ಹಾಗೂ ಅದರಡಿ ರಚಿತವಾದ 1945ರ ನಿಯಮಗಳು ತಯಾರಿಕೆಯ ದಿನಾಂಕ, ಅವಧಿ ದಿನಾಂಕ ಮತ್ತು ತಂಡದ ಸಂಖ್ಯೆ, ಅಂದರೆ ಬ್ಯಾಚ್ ನಂಬರ್, ಇವನ್ನು ಲೇಬಲ್ಲಿನಲ್ಲಿ ನಮೂದಿಸುವಂತೆ ವಿಧಿಸುತ್ತವೆ. ತಯಾರಿಕೆಯಿಂದ ಎಣಿಸಿದರೆ ಈ ಅವಧಿ ಸಾಮಾನ್ಯವಾಗಿ 60 ತಿಂಗಳನ್ನು ಮೀರುವಂತಿಲ್ಲ. ದಿನಾಂಕವನ್ನು ತಿಂಗಳು ಮತ್ತು ವರ್ಷಗಳಲ್ಲಿ ಮಾತ್ರ ಕೊಟ್ಟಿದ್ದರೆ ಆ ತಿಂಗಳ ಕೊನೆಯ ದಿನದವರೆಗೆ ಔಷಧವನ್ನು ಬಳಸಬಹುದೆಂದು ಅರ್ಥ. ಅವಧಿ ಮೀರಿದ ಔಷಧವನ್ನು ಮಾರುವುದು ಕಾನೂನುಬಾಹಿರ. 2023ರ ಆಗಸ್ಟ್ 1ರಿಂದ ಹೆಚ್ಚು ಮಾರಾಟವಾಗುವ 300 ಬ್ರ್ಯಾಂಡುಗಳ ಪೊಟ್ಟಣಗಳ ಮೇಲೆ ಕ್ಯೂಆರ್ ಸಂಕೇತ ಕಡ್ಡಾಯವಾಗಿದ್ದು, ಮೊಬೈಲಿನಲ್ಲಿ ಅದನ್ನು ಓದಿದರೆ ತಯಾರಿಕೆಯ ಮತ್ತು ಅವಧಿಯ ದಿನಾಂಕಗಳು ತೋರುತ್ತವೆ.

ಬೆಂಜೊಡಯಾಜಿಪೈನ್‌ಗಳಿಗೆ ಇನ್ನೊಂದು ಕಾನೂನಿನ ಕಟ್ಟೂ ಉಂಟು. ಇವು ಅಭ್ಯಾಸಕ್ಕೆ ಕಾರಣವಾಗಬಲ್ಲ ಮನೋಪರಿಣಾಮಕ ದ್ರವ್ಯಗಳಾದ್ದರಿಂದ 1985ರ ಮಾದಕ ದ್ರವ್ಯ ಮತ್ತು ಮನೋಪರಿಣಾಮಕ ವಸ್ತುಗಳ ಕಾಯಿದೆಯ ವ್ಯಾಪ್ತಿಗೆ ಒಳಪಟ್ಟಿವೆ. ಡಯಾಜಿಪಾಮ್, ಅಲ್‌ಪ್ರಜೋಲಾಮ್, ಮಿಡಜೋಲಾಮ್ ಮೊದಲಾದವು 2014ರ ಮಾರ್ಚ್ 1ರಿಂದ ಜಾರಿಗೆ ಬಂದ ಎಚ್‌1 ಅನುಸೂಚಿಯಲ್ಲಿ ಸೇರಿದ್ದು, ವೈದ್ಯರ ಚೀಟಿಯಿಲ್ಲದೆ ಅವನ್ನು ಕೊಡುವಂತಿಲ್ಲ. ಕೊಟ್ಟಾಗ ಅಂಗಡಿಯವರು ಪ್ರತ್ಯೇಕ ಪುಸ್ತಕದಲ್ಲಿ ವಿವರ ಬರೆದು ಮೂರು ವರ್ಷ ಕಾಯ್ದಿರಿಸಬೇಕು. ಚೀಟಿಗಾಗಿ ಮತ್ತೆ ವೈದ್ಯರಲ್ಲಿಗೆ ಹೋಗುವ ತೊಂದರೆಯನ್ನು ತಪ್ಪಿಸಿಕೊಳ್ಳಲು ರೋಗಿಗಳು ಈ ಮಾತ್ರೆಗಳನ್ನು ಉಳಿಸಿ ಕೂಡಿಡುವುದೂ, ವರ್ಷಗಳ ಮೇಲೆ ಹಳೆಯ ಪಟ್ಟಿಯನ್ನು ಹುಡುಕಿ ತೆಗೆಯುವುದೂ ಈ ಬಿಗಿಯಿಂದಾಗಿಯೇ ಹೆಚ್ಚುತ್ತದೆ. ಅವಧಿ ಮೀರಿದ ಔಷಧದ ಪ್ರಶ್ನೆ ಆತಂಕಶಾಮಕಗಳಲ್ಲಿ ಪದೇ ಪದೇ ಏಳುವುದಕ್ಕೆ ಇದೊಂದು ಕಾರಣ.

ಅವಧಿ ಮೀರಿದ ಬಳಿಕ

ಯುದ್ಧ ಮತ್ತು ವಿಪತ್ತುಗಳಿಗೆಂದು ಸಂಗ್ರಹಿಸಿಟ್ಟ ಅಪಾರ ಬೆಲೆಯ ಔಷಧಗಳನ್ನು ದಿನಾಂಕ ಕಳೆದೊಡನೆ ಎಸೆಯಬೇಕಾಗಿ ಬಂದ ಅಮೆರಿಕದ ರಕ್ಷಣಾ ಇಲಾಖೆಯು ಅಲ್ಲಿನ ಆಹಾರ ಮತ್ತು ಔಷಧ ಆಡಳಿತದೊಂದಿಗೆ ಸೇರಿ 1986ರಲ್ಲಿ ಬಾಳಿಕೆ ವಿಸ್ತರಣಾ ಕಾರ್ಯಕ್ರಮವೊಂದನ್ನು ಆರಂಭಿಸಿತು. 2006ರಲ್ಲಿ ಪ್ರಕಟವಾದ ಅದರ ಫಲಿತಾಂಶಗಳ ಪ್ರಕಾರ, 122 ಬಗೆಯ ಔಷಧಗಳ 3,005 ತಂಡಗಳಲ್ಲಿ ಶೇ. 88ರಷ್ಟರ ಅವಧಿಯನ್ನು ಮುದ್ರಿತ ದಿನಾಂಕದಿಂದಾಚೆಗೆ, ಸರಾಸರಿ 66 ತಿಂಗಳಷ್ಟು, ಮುಂದೂಡಲು ಸಾಧ್ಯವಾಯಿತು. 2012ರಲ್ಲಿ ಕ್ಯಾಲಿಫೋರ್ನಿಯದ ಸಂಶೋಧಕರು ಔಷಧದಂಗಡಿಯೊಂದರಲ್ಲಿ ಸಿಕ್ಕಿದ, ಅವಧಿ ಮುಗಿದು 28ರಿಂದ 40 ವರ್ಷಗಳಾಗಿದ್ದ, ಮೊಹರು ಒಡೆಯದ ಎಂಟು ಔಷಧಗಳನ್ನು ಪರೀಕ್ಷಿಸಿದಾಗ, ಅವುಗಳಲ್ಲಿದ್ದ 14 ಸಕ್ರಿಯ ಘಟಕಗಳಲ್ಲಿ 12 ಲೇಬಲ್ಲಿನ ಪ್ರಮಾಣದ ಶೇ. 90ಕ್ಕಿಂತ ಕಡಿಮೆಯಾಗಿರಲಿಲ್ಲ. ಬಾರ್ಬಿಚುರೇಟ್ ವರ್ಗದ ನಿದ್ರಾಜನಕಗಳು ಗಟ್ಟಿಯಾಗಿ ಉಳಿದವುಗಳಲ್ಲಿ ಸೇರಿದ್ದರೆ, ಆಸ್ಪಿರಿನ್ ಮಾತ್ರ ಬಹುಪಾಲು ನಶಿಸಿಹೋಗಿತ್ತು.

ಈ ಎರಡೂ ಅಧ್ಯಯನಗಳನ್ನು ಪತ್ರಿಕೆಗಳು ಆಗಾಗ ಉಲ್ಲೇಖಿಸುವುದರಿಂದ ಅವುಗಳ ಮಿತಿಯನ್ನು ಸ್ಪಷ್ಟವಾಗಿ ಹೇಳಬೇಕಾಗುತ್ತದೆ. ಸೇನೆಯ ಸಂಗ್ರಹಗಳು ಉಷ್ಣತೆ ಹತೋಟಿಯಲ್ಲಿರುವ ಉಗ್ರಾಣಗಳಲ್ಲಿದ್ದವು, ಪೊಟ್ಟಣಗಳು ತೆರೆದಿರಲಿಲ್ಲ. ಪ್ರತಿ ತಂಡವನ್ನೂ ಪ್ರಯೋಗಾಲಯದಲ್ಲಿ ಬೇರೆ ಬೇರೆಯಾಗಿ ಪರೀಕ್ಷಿಸಿದ ಮೇಲೆಯೇ ಅದರ ಅವಧಿಯನ್ನು ವಿಸ್ತರಿಸಲಾಯಿತು, ಮತ್ತು ಒಂದೇ ಔಷಧದ ಒಂದು ತಂಡ ವರ್ಷಗಟ್ಟಲೆ ಬಾಳಿದರೆ ಇನ್ನೊಂದು ಬೇಗ ಸೋತ ಉದಾಹರಣೆಗಳೂ ಅಲ್ಲಿ ದೊರೆತವು. ಅಡುಗೆಮನೆಯ ಕಪಾಟಿನಲ್ಲಿ ಎರಡು ಮಳೆಗಾಲ ಕಂಡ, ಅರ್ಧ ಬಳಸಿದ ಪಟ್ಟಿಯ ಬಗ್ಗೆ ಆ ಫಲಿತಾಂಶಗಳಿಂದ ಏನನ್ನೂ ಹೇಳಲಾಗುವುದಿಲ್ಲ. ಮೇಲಾಗಿ ಸಕ್ರಿಯ ಘಟಕದ ಪ್ರಮಾಣ ಉಳಿದಿದ್ದರೂ ಮಾತ್ರೆ ದೇಹದಲ್ಲಿ ಕರಗುವ ಗುಣ ಕೆಟ್ಟಿರಬಹುದು. ಅಪಸ್ಮಾರದ ಔಷಧಗಳಲ್ಲಿ ಇದೇ ಮುಖ್ಯವಾದ ತೊಡಕು.

ಹಳೆಯ ಔಷಧ ವಿಷವಾಗುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ, ಬಹುತೇಕ ಇಲ್ಲ ಎಂಬುದು. ಕೆಟ್ಟ ಟೆಟ್ರಾಸೈಕ್ಲಿನ್‌ನಿಂದ ಮೂತ್ರಪಿಂಡಕ್ಕೆ ಹಾನಿಯಾದುದನ್ನು 1963ರಲ್ಲಿ ವರದಿ ಮಾಡಲಾಯಿತು. ಎಲ್ಲರೂ ಎತ್ತಿ ಹೇಳುವ ನಿದರ್ಶನ ಅದೊಂದೇ. ಆದರೆ ಸೆಳೆತದ ಔಷಧಗಳಲ್ಲಿಯೇ ಇನ್ನೊಂದು ನಿಜವಾದ ಅಪವಾದವುಂಟು. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಬಳಕೆಯಲ್ಲಿದ್ದ, ನಿಲ್ಲದ ಸೆಳೆತಕ್ಕೆ ಗುದದ್ವಾರದ ಮೂಲಕವೋ ಸೂಜಿಯ ಮೂಲಕವೋ ಕೊಡುತ್ತಿದ್ದ ಪ್ಯಾರಾಲ್ಡಿಹೈಡ್ ಎಂಬ ದ್ರವವು ಗಾಳಿ ತಾಕಿದರೆ ಅಸಿಟಾಲ್ಡಿಹೈಡಾಗಿಯೂ ಮುಂದೆ ಅಸಿಟಿಕ್ ಆಮ್ಲವಾಗಿಯೂ ಮಾರ್ಪಡುತ್ತದೆ. ಹೀಗೆ ಕೆಟ್ಟ ದ್ರವವನ್ನು ಕೊಟ್ಟದ್ದರಿಂದ ಸಾವು ಸಂಭವಿಸಿದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಗ್ಯಾಬಪೆಂಟಿನ್ ಕೂಡ ಬಿಸಿ ಮತ್ತು ತೇವಕ್ಕೆ ಸಿಕ್ಕಿ ನಿಧಾನವಾಗಿ ಲ್ಯಾಕ್ಟಮ್ ಎಂಬ, ಮೂಲ ಔಷಧಕ್ಕಿಂತ ಹೆಚ್ಚು ವಿಷಕಾರಿಯಾದ ರೂಪಕ್ಕೆ ತಿರುಗುವುದರಿಂದ ಅದರ ಪ್ರಮಾಣಕ್ಕೆ ಔಷಧಸಂಹಿತೆಗಳು ಕಟ್ಟುನಿಟ್ಟಾದ ಮಿತಿ ಹಾಕಿವೆ. ಬೆಂಜೊಡಯಾಜಿಪೈನ್‌ಗಳು ನೀರಿನಂಶದಿಂದ ಒಡೆದಾಗ ಅವುಗಳ ಏಳು ಕೊಂಡಿಗಳ ಉಂಗುರ ತೆರೆದುಕೊಂಡು ಬೆಂಜೊಫೀನೋನ್ ಜಾತಿಯ ವಸ್ತುಗಳು ಉಂಟಾಗುತ್ತವೆ. ಒಣಗಿದ ಮಾತ್ರೆಯಲ್ಲಿ ಈ ಕ್ರಿಯೆ ಬಹಳ ನಿಧಾನ.

ಸತ್ತ್ವ ಕುಗ್ಗಿದರೆ ಆಗುವುದೇನು

ಅಪಸ್ಮಾರ ಚಿಕಿತ್ಸೆಯಲ್ಲಿ ಔಷಧದ ರಕ್ತಮಟ್ಟ ಒಂದು ಕಿರಿದಾದ ಪಟ್ಟೆಯೊಳಗೆ ಇರಬೇಕಾಗುತ್ತದೆ. ಫೆನಿಟಾಯ್ನ್‌ಗೆ ಈ ಪಟ್ಟೆ ರಕ್ತರಸದ ಪ್ರತಿ ಮಿಲಿಲೀಟರಿಗೆ 10ರಿಂದ 20 ಮೈಕ್ರೊಗ್ರಾಮ್. ಯಕೃತ್ತು ಅದನ್ನು ವಿಲೇವಾರಿ ಮಾಡುವ ಸಾಮರ್ಥ್ಯ ಬೇಗನೆ ತುಂಬಿಹೋಗುವುದರಿಂದ, ಸೇವನೆಯ ಪ್ರಮಾಣದಲ್ಲಿ ಆಗುವ ಚಿಕ್ಕ ಏರಿಳಿತ ರಕ್ತಮಟ್ಟದಲ್ಲಿ ದೊಡ್ಡದಾಗಿ ಕಾಣಿಸುತ್ತದೆ. 1968ರ ಸುಮಾರಿಗೆ ಆಸ್ಟ್ರೇಲಿಯದ ಬ್ರಿಸ್ಬೇನಿನಲ್ಲಿ ಫೆನಿಟಾಯ್ನ್ ಕ್ಯಾಪ್ಸೂಲಿನೊಳಗಿನ ತುಂಬುಪುಡಿಯನ್ನು ಕ್ಯಾಲ್ಸಿಯಮ್ ಸಲ್ಫೇಟಿನಿಂದ ಲ್ಯಾಕ್ಟೋಸಿಗೆ ಬದಲಿಸಿದ್ದಷ್ಟಕ್ಕೇ ಅನೇಕ ರೋಗಿಗಳಲ್ಲಿ ವಿಷಲಕ್ಷಣಗಳು ಕಾಣಿಸಿಕೊಂಡವು. ಔಷಧದ ತೂಕ ಬದಲಾಗಿರಲಿಲ್ಲ, ದೇಹ ಅದನ್ನು ಹೀರಿಕೊಳ್ಳುವ ರೀತಿ ಮಾತ್ರ ಬದಲಾಗಿತ್ತು. ಹೀರಿಕೆಯ ಬದಲಾವಣೆ ಒಂದು ದಿಕ್ಕಿನಲ್ಲಿ ಇಷ್ಟು ಮಾಡಬಲ್ಲುದಾದರೆ, ಹಳೆಯದಾಗಿ ಸರಿಯಾಗಿ ಕರಗದ ಮಾತ್ರೆ ಇನ್ನೊಂದು ದಿಕ್ಕಿನಲ್ಲಿ ಅಷ್ಟೇ ಮಾಡಬಲ್ಲುದು. ವರ್ಷಗಳಿಂದ ಫಿಟ್ಸ್ ಕಾಣದೆ ಇದ್ದವರಿಗೆ ಒಂದೇ ಒಂದು ಸೆಳೆತ ಮರಳಿದರೂ ಬಾವಿಕಟ್ಟೆಯ ಬಳಿ, ಒಲೆಯ ಮುಂದೆ, ವಾಹನದ ಮೇಲೆ ಅದು ಜೀವಕ್ಕೆ ಅಪಾಯ.

ಆತಂಕಕ್ಕಾಗಿ ಬೆಂಜೊಡಯಾಜಿಪೈನ್ ಸೇವಿಸುವವರ ಸ್ಥಿತಿ ಸ್ವಲ್ಪ ಬೇರೆ. ಅಪರೂಪಕ್ಕೆ ಒಂದು ಮಾತ್ರೆ ನುಂಗುವವರಲ್ಲಿ ಸತ್ತ್ವ ತುಸು ತಗ್ಗಿದರೆ ಶಮನ ತುಸು ಕಡಿಮೆಯಾದೀತು, ಅಷ್ಟೆ. ಆದರೆ ತಿಂಗಳುಗಟ್ಟಲೆ ದಿನವೂ ಸೇವಿಸಿದವರ ಮಿದುಳು ಔಷಧಕ್ಕೆ ಒಗ್ಗಿಹೋಗಿರುತ್ತದೆ. ಅದನ್ನು ಹಠಾತ್ತನೆ ನಿಲ್ಲಿಸಿದರೆ ನಿದ್ರಾಭಂಗ, ನಡುಕ, ತೀವ್ರ ಕಳವಳಗಳ ಜೊತೆಗೆ, ಹಿಂದೆಂದೂ ಮೂರ್ಛೆರೋಗವಿಲ್ಲದವರಲ್ಲಿಯೂ ಸೆಳೆತ ಬರಬಹುದೆಂಬುದು 1961ರಿಂದಲೇ ತಿಳಿದ ಸಂಗತಿ. ಅಲ್‌ಪ್ರಜೋಲಾಮಿನಂತೆ ದೇಹದಿಂದ ಬೇಗ ಹೊರಹೋಗುವ ಔಷಧಗಳಲ್ಲಿ ಈ ಅಪಾಯ ಬೇಗ ತಲೆದೋರುತ್ತದೆ. ಡಯಾಜಿಪಾಮಿನ ಉಪಉತ್ಪನ್ನಗಳು ದಿನಗಟ್ಟಲೆ ರಕ್ತದಲ್ಲಿ ಉಳಿಯುವುದರಿಂದ ಅಲ್ಲಿ ತಡವಾಗಿ. ಎಸ್ಸಿಟಲೊಪ್ರಾಮ್ ಮೊದಲಾದ, ದೀರ್ಘಕಾಲದ ಆತಂಕಕ್ಕೆ ಇಂದು ಮೊದಲ ಆಯ್ಕೆಯಾಗಿರುವ ಔಷಧಗಳನ್ನು ಒಮ್ಮೆಲೇ ಬಿಟ್ಟರೂ ತಲೆಸುತ್ತು, ಕಿರಿಕಿರಿಗಳು ಉಂಟಾಗುತ್ತವೆ.

ಇದರಿಂದ ಹೊರಡುವ ತೀರ್ಮಾನವನ್ನು ಈ ವಿಷಯದ ಎಲ್ಲ ಸಲಹೆಗಳಿಗಿಂತ ಮೊದಲು ಹೇಳಬೇಕು: ಪಟ್ಟಿಯ ಅವಧಿ ಮುಗಿದಿದೆಯೆಂದು ಕಂಡಾಗ ಹೊಸ ಪಟ್ಟಿಯನ್ನು ತರುವುದು ಸರಿಯಾದ ಕ್ರಮವೇ ಹೊರತು ಔಷಧವನ್ನೇ ಬಿಡುವುದಲ್ಲ. ಇತ್ತೀಚೆಗೆ ಅವಧಿ ಮುಗಿದ, ಸರಿಯಾಗಿ ಕಾಪಾಡಿದ ಒಂದು ಹೊತ್ತಿನ ಮಾತ್ರೆಯಿಂದ ಒದಗುವ ಅಪಾಯಕ್ಕಿಂತ ಆ ಹೊತ್ತಿನ ಮಾತ್ರೆಯನ್ನು ತಪ್ಪಿಸುವುದರ ಅಪಾಯ ದಿನನಿತ್ಯದ ರೋಗಿಗೆ ಸಾಮಾನ್ಯವಾಗಿ ಹೆಚ್ಚು. ಆದರೂ ಅದು ವೈದ್ಯರನ್ನೋ ಔಷಧತಜ್ಞರನ್ನೋ ಕೇಳಿ, ಹೊಸದು ಸಿಗುವವರೆಗಿನ ಕೆಲವು ಗಂಟೆಗಳ ಮಟ್ಟಿಗೆ ಮಾಡುವ ಏರ್ಪಾಡು. ಲ್ಯಾಮೊಟ್ರಿಜಿನ್ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು: ಹಲವು ದಿನ ಅದನ್ನು ಬಿಟ್ಟವರು ಮೊದಲಿನ ಪೂರ್ಣ ಪ್ರಮಾಣದಿಂದಲೇ ಮತ್ತೆ ಶುರುಮಾಡಿದರೆ ಚರ್ಮದ ಮೇಲೆ ಮಾರಕವಾಗಬಲ್ಲ ಗುಳ್ಳೆರೋಗ ಏಳುವ ಸಂಭವವಿದ್ದು, ಕಡಿಮೆ ಪ್ರಮಾಣದಿಂದ ಮತ್ತೆ ಮೇಲೇರಬೇಕಾಗುತ್ತದೆ.

ತೇವ, ಬಿಸಿ, ಬೆಳಕು

ಔಷಧ ಎಷ್ಟು ಹಳೆಯದು ಎಂಬುದಕ್ಕಿಂತ ಅದನ್ನು ಎಲ್ಲಿ ಇಟ್ಟಿದ್ದರು ಎಂಬುದೇ ಹೆಚ್ಚು ನಿರ್ಣಾಯಕವಾಗುವುದನ್ನು ಕಾರ್ಬಮಜಪೀನ್ ಚೆನ್ನಾಗಿ ತೋರಿಸುತ್ತದೆ. ಈ ಔಷಧದ ಹರಳುಗಳು ಗಾಳಿಯ ತೇವವನ್ನು ಹೀರಿ, ಪ್ರತಿ ಅಣುವಿಗೂ ನೀರಿನ ಎರಡು ಅಣುಗಳು ಅಂಟಿದ ಡೈಹೈಡ್ರೇಟ್ ಎಂಬ ರೂಪಕ್ಕೆ ತಿರುಗುತ್ತವೆ. ಆಗ ಮಾತ್ರೆ ಗಟ್ಟಿಯಾಗಿ, ಹೊಟ್ಟೆಯಲ್ಲಿ ಸರಿಯಾಗಿ ಒಡೆಯದೆ, ಔಷಧದ ಒಂದು ಭಾಗ ರಕ್ತವನ್ನು ಸೇರದೆ ಹಾಗೆಯೇ ಹೊರಹೋಗುತ್ತದೆ. ಅತಿ ತೇವದಲ್ಲಿ ಇರಿಸಿದ ಮಾತ್ರೆಗಳು ತಮ್ಮ ಜೈವಿಕ ಲಭ್ಯತೆಯ, ಅಂದರೆ ರಕ್ತವನ್ನು ಸೇರುವ ಭಾಗದ, ಮೂರನೆಯ ಒಂದರಷ್ಟನ್ನು ಕಳೆದುಕೊಳ್ಳಬಹುದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 1990ರಲ್ಲಿ ಎಚ್ಚರಿಸಿತು. ಇಂತಹ ಮಾತ್ರೆಯನ್ನು ಪ್ರಯೋಗಾಲಯದಲ್ಲಿ ತೂಗಿದರೆ ಅದರಲ್ಲಿ ಪೂರ್ಣ ಪ್ರಮಾಣದ ಕಾರ್ಬಮಜಪೀನ್ ಇರುತ್ತದೆ, ಲೇಬಲ್ಲಿನ ಅವಧಿ ಮುಗಿಯಲು ಇನ್ನೂ ವರ್ಷವಿರಬಹುದು, ನೋಡುವುದಕ್ಕೂ ಹೊಸದರಂತೆಯೇ ಇರುತ್ತದೆ. ಆದರೂ ರೋಗಿಗೆ ಸೆಳೆತ ಮರಳುತ್ತದೆ. ಆಗುಂಬೆಯಂತಹ ಮಲೆನಾಡಿನ ಊರುಗಳಲ್ಲಿ, ಕರಾವಳಿಯಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಗೂ ಬಟ್ಟೆಗೂ ಬೂಷ್ಟು ಹಿಡಿಯುವ ಮನೆಗಳಲ್ಲಿ ಮಾತ್ರೆಗಳನ್ನು ಪಟ್ಟಿಯಿಂದ ಬಿಡಿಸಿ ಡಬ್ಬಿಯಲ್ಲಿ ಹಾಕಿಡುವವರಿಗೆ ಈ ಸಂಗತಿ ನೇರವಾಗಿ ಅನ್ವಯಿಸುತ್ತದೆ.

ಸೋಡಿಯಮ್ ವ್ಯಾಲ್‌ಪ್ರೊಯೇಟ್ ಇನ್ನೂ ಹೆಚ್ಚು ತೇವಾಕರ್ಷಕ. ಅಲ್ಯೂಮಿನಿಯಮ್ ಹೊದಿಕೆ ತೆಗೆದೊಡನೆ ಅದು ನೀರನ್ನು ಹೀರಿ ಅಂಟಾಗತೊಡಗುತ್ತದೆ. ವಾರದ ಏಳು ದಿನಗಳಿಗೆ ಏಳು ಗುಳಿಗಳಿರುವ ಮಾತ್ರೆಪೆಟ್ಟಿಗೆಗಳು ನೆನಪಿಗೆ ಒಳ್ಳೆಯ ನೆರವಾದರೂ ಈ ಔಷಧಕ್ಕೆ ಹೊಂದುವುದಿಲ್ಲ. ಪಟ್ಟಿಯನ್ನೇ ತುಂಡು ತುಂಡಾಗಿ ಕತ್ತರಿಸಿ, ಹೊದಿಕೆಯೊಡನೆ ಗುಳಿಗಳಲ್ಲಿ ಇಡುವುದು ಉಪಾಯ. ನಿಧಾನವಾಗಿ ಬಿಡುಗಡೆಯಾಗುವಂತೆ ಮಾಡಿದ ವ್ಯಾಲ್‌ಪ್ರೊಯೇಟ್ ಮತ್ತು ಕಾರ್ಬಮಜಪೀನ್ ಮಾತ್ರೆಗಳಲ್ಲಿ ಹೊರಪದರ ಕೆಟ್ಟರೆ ಇಡೀ ದಿನದ ಔಷಧ ಒಮ್ಮೆಲೇ ಸುರಿದೀತು ಅಥವಾ ಬಿಡುಗಡೆಯಾಗದೆ ಉಳಿದೀತು. ಬಾಯಿಯಲ್ಲೇ ಕರಗುವ ಕ್ಲೊನಾಜಿಪಾಮ್ ಮಾತ್ರೆಗಳು ಕರಗುವುದಕ್ಕೆಂದೇ ಸಡಿಲವಾಗಿ ಕಟ್ಟಲ್ಪಟ್ಟಿರುವುದರಿಂದ ತೇವ ಬಹುಬೇಗ ಅವುಗಳೊಳಗೆ ಹೊಗುತ್ತದೆ. ಕ್ಲೊನಾಜಿಪಾಮಿಗೆ ಬೆಳಕೂ ಹಗೆ.

ಬಿಸಿಲಿನಲ್ಲಿ ನಿಲ್ಲಿಸಿದ ಕಾರು, ಒಲೆಯ ಮೇಲಿನ ಗೂಡು, ಸ್ನಾನದ ಕೋಣೆಯ ಕನ್ನಡಿಪೆಟ್ಟಿಗೆ, ದೂರದರ್ಶನದ ಮೇಲ್ಭಾಗ ಇವೆಲ್ಲ ಔಷಧಕ್ಕೆ ಸಲ್ಲದ ಜಾಗಗಳು. ಹಾಗೆಂದು ಎಲ್ಲವನ್ನೂ ಫ್ರಿಜ್ಜಿನಲ್ಲಿ ಇಡುವುದೂ ಸರಿಯಲ್ಲ, ಹೊರತೆಗೆದಾಗಲೆಲ್ಲ ಪಟ್ಟಿಯ ಮೇಲೆ ಹನಿಗಟ್ಟುವ ನೀರು ಮಾತ್ರೆಗೆ ಬೇಡದ ತೇವ. ಫ್ರಿಜ್ಜು ನಿಜವಾಗಿ ಬೇಕಾಗಿರುವುದು ಲೊರಾಜಿಪಾಮ್ ಇಂಜೆಕ್ಷನ್ ಮತ್ತು ಫಾಸ್‌ಫೆನಿಟಾಯ್ನ್‌ನಂತಹ ಕೆಲವಕ್ಕೆ. ಅವು 2ರಿಂದ 8 ಡಿಗ್ರಿಯಲ್ಲಿರಬೇಕು. ಆಂಬ್ಯುಲೆನ್ಸುಗಳಲ್ಲಿ ಇಟ್ಟ ಔಷಧಗಳನ್ನು ಪರೀಕ್ಷಿಸಿದಾಗ ಲೊರಾಜಿಪಾಮ್ ಬಿಸಿಗೆ ಸತ್ತ್ವ ಕಳೆದುಕೊಂಡದ್ದೂ ಮಿಡಜೋಲಾಮ್ ಬಹುಮಟ್ಟಿಗೆ ಹಾಗೆಯೇ ಉಳಿದದ್ದೂ ಕಂಡುಬಂದಿದೆ. ಉಷ್ಣವಲಯದ ತುರ್ತುವಾಹನಗಳಿಗೆ ಯಾವುದು ತಕ್ಕದ್ದೆಂಬ ಆಯ್ಕೆಗೆ ಇದು ಉಪಯುಕ್ತ ಮಾಹಿತಿ. ಇದಕ್ಕೆ ವಿರುದ್ಧವಾಗಿ ಫೆನಿಟಾಯ್ನ್ ಇಂಜೆಕ್ಷನನ್ನು ತಣ್ಣಗಿಟ್ಟರೆ ಅದರಲ್ಲಿ ಹರಳು ಕಟ್ಟುತ್ತದೆ.

ದ್ರವರೂಪದ ಔಷಧಗಳಲ್ಲಿ ಮುದ್ರಿತ ದಿನಾಂಕದ ಜೊತೆಗೆ ಇನ್ನೊಂದು ಗಡುವು ಸೇರಿಕೊಳ್ಳುತ್ತದೆ, ಅದು ಬಾಟಲಿಯನ್ನು ತೆರೆದ ದಿನದಿಂದ ಎಣಿಸುವಂಥದು. ಕ್ಲೋಬಜಾಮ್ ಸಸ್ಪೆನ್ಶನ್ನಿನ ಅಮೆರಿಕದ ಲೇಬಲ್ ತೆರೆದ 90 ದಿನಗಳೊಳಗೆ ಮುಗಿಸಬೇಕೆಂದು ಹೇಳುತ್ತದೆ. ಲೇಬಲ್ಲಿನಲ್ಲಿ ಇಂತಹ ಸೂಚನೆಯನ್ನು ಹುಡುಕಿ, ತೆರೆದ ದಿನವನ್ನು ಬಾಟಲಿಯ ಮೇಲೆ ಪೆನ್ನಿನಿಂದ ಬರೆದಿಡುವುದು ಮಕ್ಕಳ ತಾಯ್ತಂದೆಯರು ಸುಲಭವಾಗಿ ಮಾಡಬಹುದಾದ ಕೆಲಸ. ಫೆನಿಟಾಯ್ನ್ ಸಸ್ಪೆನ್ಶನ್ನಿನಲ್ಲಿ ಔಷಧ ತಳಕ್ಕೆ ಇಳಿಯುತ್ತದೆ. ಚೆನ್ನಾಗಿ ಅಲುಗಿಸದೆ ಕೊಟ್ಟರೆ ಬಾಟಲಿಯ ಮೊದಲ ಪಾಲಿನಲ್ಲಿ ಔಷಧ ಕಡಿಮೆಯಾಗಿ ಕೊನೆಯ ಪಾಲಿನಲ್ಲಿ ವಿಷಮಟ್ಟಕ್ಕೆ ಏರಬಹುದು.

ಅಪರೂಪಕ್ಕೆ ಬಳಸುವ ಔಷಧಗಳು

ಐದು ನಿಮಿಷಗಳಿಗಿಂತ ಹೆಚ್ಚು ಹೊತ್ತು ಸೆಳೆತ ನಿಲ್ಲದಿದ್ದರೆ ಮನೆಯಲ್ಲಿಯೇ ಕೊಡುವಂತೆ ವೈದ್ಯರು ಬರೆದುಕೊಡುವ ಮಿಡಜೋಲಾಮ್ ಮೂಗಿನ ಸ್ಪ್ರೇ ಭಾರತದಲ್ಲಿ ದೊರೆಯುತ್ತದೆ. ಅವಧಿ ದಿನಾಂಕದ ಮಹತ್ತ್ವ ಅತಿ ಹೆಚ್ಚಾಗಿರುವುದು ಇಲ್ಲಿ. ನಿತ್ಯದ ಮಾತ್ರೆಗಳು ತಿಂಗಳಿಗೊಮ್ಮೆ ಮುಗಿದು ಹೊಸವು ಬರುತ್ತಲೇ ಇರುವುದರಿಂದ ಅವು ಹಳೆಯದಾಗುವುದೇ ವಿರಳ. ತುರ್ತಿನ ಸ್ಪ್ರೇ ಮಾತ್ರ ಎರಡು ಮೂರು ವರ್ಷ ಬೇಕಾಗದೆ ಇದ್ದು, ಬೇಕಾದ ಆ ಒಂದು ರಾತ್ರಿ ಅವಧಿ ಮೀರಿರುವ ಸಂಭವ ಹೆಚ್ಚು. ಮನೆಯಲ್ಲಿ, ಶಾಲೆಯಲ್ಲಿ, ಪ್ರಯಾಣದ ಚೀಲದಲ್ಲಿ ಇಟ್ಟ ಪ್ರತಿಯೊಂದು ಸ್ಪ್ರೇಯ ದಿನಾಂಕವನ್ನೂ ಬೇರೆ ಬೇರೆಯಾಗಿ ಗುರುತಿಟ್ಟುಕೊಂಡು ಮುಂಚಿತವಾಗಿ ಬದಲಿಸಬೇಕು.

ದಕ್ಷಿಣ ಕರ್ನಾಟಕದಲ್ಲಿ ವಿಶೇಷವಾಗಿ ಕಂಡುಬರುವ ಬಿಸಿನೀರಿನ ಅಪಸ್ಮಾರದಲ್ಲಿಯೂ ಇದೇ ಪರಿಸ್ಥಿತಿ. ತಲೆಯ ಮೇಲೆ ಬಿಸಿನೀರು ಹೊಯ್ದುಕೊಂಡಾಗ ಸೆಳೆತ ಬರುವ ಈ ಬಗೆಯನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಡಾ. ಪಿ. ಸತೀಶಚಂದ್ರ ಮತ್ತು ಸಹೋದ್ಯೋಗಿಗಳು ವಿಸ್ತಾರವಾಗಿ ಅಭ್ಯಸಿಸಿದ್ದಾರೆ. ತಲೆಸ್ನಾನಕ್ಕೆ ಒಂದೂವರೆ ಎರಡು ಗಂಟೆ ಮುಂಚೆ ಒಂದು ಕ್ಲೋಬಜಾಮ್ ಮಾತ್ರೆ ಸೇವಿಸುವುದು ಇಂತಹ ಹಲವರಿಗೆ ಸಾಕಾಗುತ್ತದೆ; ವಾರಕ್ಕೊಮ್ಮೆ ಮಾತ್ರ ತಲೆಗೆ ನೀರು ಹಾಕಿಕೊಳ್ಳುವವರಲ್ಲಿ ಒಂದು ಪಟ್ಟಿ ತಿಂಗಳುಗಟ್ಟಲೆ ಬರುವುದರಿಂದ, ಅದು ಹೆಚ್ಚಾಗಿ ಬಚ್ಚಲಿನ ಗೂಡಿನಲ್ಲಿಯೇ ಉಳಿಯುವುದರಿಂದ, ದಿನಾಂಕ ಮತ್ತು ತೇವ ಎರಡನ್ನೂ ಗಮನಿಸಬೇಕಾಗುತ್ತದೆ.

ಪಟ್ಟಿಯನ್ನು ಕತ್ತರಿಸಿ ಐದೋ ಆರೋ ಮಾತ್ರೆ ಕೊಡುವ ನಮ್ಮ ಔಷಧದಂಗಡಿಗಳ ಪದ್ಧತಿ ಬಡವರಿಗೆ ಅನುಕೂಲಕರವಾದರೂ, ದಿನಾಂಕ ಮುದ್ರಿಸಿರುವ ತುದಿ ಒಬ್ಬರಿಗೆ ಹೋಗಿ ಉಳಿದವರಿಗೆ ಹೆಸರೂ ದಿನಾಂಕವೂ ಇಲ್ಲದ ತುಂಡು ಸಿಗುವ ದೋಷ ಅದರಲ್ಲಿದೆ. ಬರವಣಿಗೆಯಿಲ್ಲದ ತುದಿಯಿಂದ ಕತ್ತರಿಸಿ ಬಿಲ್ಲಿನಲ್ಲಿ ಬ್ಯಾಚ್ ಸಂಖ್ಯೆ ಮತ್ತು ದಿನಾಂಕಗಳನ್ನು ಬರೆಯುವಂತೆ ಗ್ರಾಹಕರು ಒತ್ತಾಯಿಸಬೇಕು. ಕೆಲಸಕ್ಕಾಗಿ ಕೊಲ್ಲಿ ದೇಶಗಳಿಗೆ ಹೋಗುವ ಕರಾವಳಿಯವರು ಹಲವು ತಿಂಗಳ ಮಾತ್ರೆಗಳನ್ನು ಒಟ್ಟಿಗೆ ಒಯ್ಯುವಾಗ ಮೂಲ ಪೊಟ್ಟಣವನ್ನು ಬಿಡದಿರುವುದು ಎರಡು ಕಾರಣಗಳಿಂದ ಅಗತ್ಯ: ದಿನಾಂಕ ಕಣ್ಣಿಗೆ ಕಾಣಬೇಕು, ಜೊತೆಗೆ ಸಂಯುಕ್ತ ಅರಬ್ ಸಂಸ್ಥಾನದಂತಹ ದೇಶಗಳಲ್ಲಿ ಕ್ಲೊನಾಜಿಪಾಮ್, ಅಲ್‌ಪ್ರಜೋಲಾಮ್, ಡಯಾಜಿಪಾಮ್‌ಗಳು ನಿಯಂತ್ರಿತ ಔಷಧಗಳಾಗಿದ್ದು ಮುಂಚಿತ ಅನುಮತಿ ಮತ್ತು ವೈದ್ಯರ ಚೀಟಿ ಬೇಕಾಗುತ್ತವೆ.

ವಿಲೇವಾರಿ

ಅವಧಿ ಮೀರಿದ ಬೆಂಜೊಡಯಾಜಿಪೈನ್‌ಗಳನ್ನು ಮನೆಯಲ್ಲಿ ಉಳಿಸಿಕೊಳ್ಳುವುದರ ದೊಡ್ಡ ಅಪಾಯ ಅವು ಸತ್ತ್ವ ಕಳೆದುಕೊಂಡಿರುವುದಲ್ಲ, ಬಹುಪಾಲು ಉಳಿಸಿಕೊಂಡಿರುವುದು. ಮಕ್ಕಳ ಕೈಗೆ ಅಥವಾ ಬೇಸತ್ತು ಸಾವನ್ನು ಬಯಸಿದವರ ಕೈಗೆ ಅವು ಸಿಗಬಾರದು. ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆಯು 2025ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಬೇರೆಯವರು ತಪ್ಪಿ ಸೇವಿಸಿದರೆ ಜೀವಕ್ಕೆ ಎರವಾಗಬಲ್ಲ 17 ಔಷಧಗಳನ್ನು ಕಸಕ್ಕೆ ಹಾಕದೆ ಶೌಚದ ಗುಂಡಿಯಲ್ಲಿ ಹರಿಯಬಿಡುವಂತೆ ಸೂಚಿಸಿದೆ. ಆ ಪಟ್ಟಿಯಲ್ಲಿ ಡಯಾಜಿಪಾಮ್ ಇದೆ. ಉಳಿದವುಗಳನ್ನು ನೀರಿಗೆ ಬಿಡದೆ, ಮರಳಿ ಪಡೆಯುವ ಕೇಂದ್ರಗಳಿದ್ದರೆ ಅಲ್ಲಿ ಒಪ್ಪಿಸಬೇಕು. ನೆರೆಯ ಕೇರಳ ರಾಜ್ಯವು ಎನ್‌ಪ್ರೌಡ್ ಎಂಬ ಹೆಸರಿನಲ್ಲಿ ಮನೆಗಳಿಂದ ಬಳಸದ ಔಷಧಗಳನ್ನು ಸಂಗ್ರಹಿಸುವ ಯೋಜನೆಯನ್ನು 2025ರಲ್ಲಿ ಕೋಳಿಕ್ಕೋಡಿನಲ್ಲಿ ಆರಂಭಿಸಿದೆ. ಇಂತಹ ಏರ್ಪಾಡು ಕರ್ನಾಟಕದ ಪ್ರತಿ ತಾಲ್ಲೂಕಿನಲ್ಲಿಯೂ ಆಗಬೇಕಾಗಿದೆ.